ಅಜ್ಜನ ಆರು ಗೊಂಬೆಗಳು ಮತ್ತು ವಿರಾಜಪೇಟೆಯ ಒಂದು ಎರಕದ ಮನೆ

ವಿರಾಜಪೇಟೆಯ ಗಡಿಯಾರ ಕಂಬದಿಂದ ಹತ್ತು ನಿಮಿಷ ನಡೆದರೆ ಹಂಚಿನ ಮಾಡಿನ, ಬೋರ್ಡು ಕೂಡ ಇಲ್ಲದ ಒಂದು ಎರಕದ ಮನೆ ಸಿಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ನನ್ನ ಅಜ್ಜ ತಮ್ಮ ಕೈಯಾರೆ ಎರಕ ಹೊಯ್ದು ಮಾಡಿದ ಆರು ಲೋಹದ ಗೊಂಬೆಗಳನ್ನು ನಾನು ಅಲ್ಲಿ ದುರಸ್ತಿಗೆ ಕೊಟ್ಟಿದ್ದೆ. ಇಂಥ ಕೆಲಸದ ಗುಣ ತಿಳಿಯಬೇಕಾದರೆ ಒಂದು ಮಳೆಗಾಲವಾದರೂ ಕಳೆಯಬೇಕು ಎಂಬ ಕಾರಣಕ್ಕೆ ಇಷ್ಟು ದಿನ ಏನನ್ನೂ ಬರೆಯದೆ ಕಾದಿದ್ದೆ. ನಮ್ಮ ಮನೆ ಇರುವುದು ಸೋಮವಾರಪೇಟೆ ತಾಲ್ಲೂಕಿನ ಶಾಂತಳ್ಳಿಯ ಕಡೆ, ಪುಷ್ಪಗಿರಿಯ ತಪ್ಪಲಿನಲ್ಲಿ. ಅಲ್ಲಿನ ಜುಲೈ ತಿಂಗಳನ್ನು ದಾಟಿ ಬಂದ ಲೋಹದ ಬಗ್ಗೆ ಮಾತ್ರ ಧೈರ್ಯವಾಗಿ ಮಾತನಾಡಬಹುದು.

ಮೊದಲು ಗೊಂಬೆಗಳ ವಿಚಾರ ಹೇಳುತ್ತೇನೆ, ಏಕೆಂದರೆ ಅದು ಗೊತ್ತಿಲ್ಲದೆ ಈ ಕೆಲಸಗಾರರು ಮಾಡಿದ್ದೇನು, ಮಾಡದೆ ಬಿಟ್ಟದ್ದೇನು ಎಂಬುದು ಅರ್ಥವಾಗುವುದಿಲ್ಲ. ಅಜ್ಜ ಕಂಚು ಹಿತ್ತಾಳೆಯ ಕೆಲಸಕ್ಕೆ ಹೆಸರಾದ ಮಂಡ್ಯ ಜಿಲ್ಲೆಯ ನಾಗಮಂಗಲದ ಕಡೆಯಿಂದ 1948ರಲ್ಲಿ ಕೊಡಗಿಗೆ ಬಂದವರು. ದನದ ಕೊರಳ ಗಂಟೆ, ದೇವಸ್ಥಾನದ ಗಂಟೆ, ದೀಪದ ಕಂಬ ಇವೇ ಅವರ ಹೊಟ್ಟೆಪಾಡಿನ ಕೆಲಸ. ಮಳೆಗಾಲದಲ್ಲಿ ಮಣ್ಣಿನ ಅಚ್ಚು ಒಣಗುವುದಿಲ್ಲವಾದ್ದರಿಂದ ಆ ನಾಲ್ಕು ತಿಂಗಳು ಕುಲುಮೆ ತಣ್ಣಗಿರುತ್ತಿತ್ತು. ಆಗ ಅವರು ಜೇನುಮೇಣಕ್ಕೆ ರಾಳವನ್ನೂ ಸ್ವಲ್ಪ ಕಡಲೆಕಾಯಿ ಎಣ್ಣೆಯನ್ನೂ ಬೆರೆಸಿ, ಕಂಡದ್ದನ್ನೆಲ್ಲ ಗೊಂಬೆ ಮಾಡುತ್ತ ಕೂರುತ್ತಿದ್ದರಂತೆ. ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿ ಕಳೆದು ಬಿಸಿಲು ಗಟ್ಟಿಯಾದ ಮೇಲೆ ಆ ಮೇಣದ ಗೊಂಬೆಗಳಿಗೆ ನಯವಾದ ಮಣ್ಣಿನ ಒಂದು ಲೇಪ, ಅದರ ಮೇಲೆ ಮರಳು ಬೆರೆತ ಒರಟು ಮಣ್ಣಿನ ಇನ್ನೊಂದು ಲೇಪ ಕೊಟ್ಟು, ತಂತಿ ಬಿಗಿದು, ಕಾಯಿಸಿ ಮೇಣವನ್ನು ಹೊರಕ್ಕೆ ಹರಿಸಿ, ಆ ಖಾಲಿ ಜಾಗಕ್ಕೆ ಮೂಸೆಯಿಂದ ಲೋಹ ಸುರಿಯುತ್ತಿದ್ದರು. ಗೊಂಬೆಯನ್ನು ಹೊರತೆಗೆಯಲು ಅಚ್ಚನ್ನು ಒಡೆಯಲೇಬೇಕಾದ್ದರಿಂದ ಒಂದರಂತೆ ಇನ್ನೊಂದು ಇಲ್ಲ. ತಮಿಳುನಾಡಿನ ಸ್ವಾಮಿಮಲೆಯ ಸ್ಥಪತಿಗಳು ದೇವರ ವಿಗ್ರಹ ಮಾಡುವುದೂ ಇದೇ ಕ್ರಮದಲ್ಲಿ. ಅವರು ಅಚ್ಚಿಗೆ ಬಳಸುವುದು ಕಾವೇರಿ ದಡದ ಮೆಕ್ಕಲು ಮಣ್ಣು. ನಮ್ಮ ತಲಕಾವೇರಿಯಲ್ಲಿ ಹುಟ್ಟಿದ ನೀರು ಅಷ್ಟು ದೂರ ಹೋಗಿ ಅಚ್ಚಿನ ಮಣ್ಣಾಗುತ್ತದೆಂದು ಅಜ್ಜ ಹೆಮ್ಮೆಯಿಂದ ಹೇಳುತ್ತಿದ್ದರೆಂದು ಅಮ್ಮ ನೆನೆಯುತ್ತಾರೆ.

ಹೀಗೆ ಮಾಡಿದವುಗಳಲ್ಲಿ ನಮ್ಮ ಪಾಲಿಗೆ ಉಳಿದವು ಆರು: ಕೊರಳಪಟ್ಟಿ ಕಟ್ಟಿದ ಬೇಟೆನಾಯಿ, ಸೊಂಡಿಲು ಎತ್ತಿದ ಆನೆ, ನೊಗ ಹೊತ್ತ ಜೋಡೆತ್ತು, ಮಂಗಟ್ಟೆ ಹಕ್ಕಿ, ಕಾಟಿ (ಕಾಡುಕೋಣ) ಮತ್ತು ಭತ್ತ ಕುಟ್ಟುವ ಹೆಂಗಸು. ಕೊಡಗಿನ ದೇವರಕಾಡುಗಳಲ್ಲಿ ಬೇಟೆಯ ದೇವರಾದ ಅಯ್ಯಪ್ಪನಿಗೆ ಮಣ್ಣಿನ ನಾಯಿಗಳನ್ನು ಹರಕೆಯಾಗಿ ಒಪ್ಪಿಸುತ್ತಾರೆ. ಅವನ್ನು ನೋಡಿಯೇ ಅಜ್ಜನಿಗೆ ಲೋಹದ ನಾಯಿಯ ಯೋಚನೆ ಬಂದಿರಬೇಕು. ಆರರಲ್ಲಿ ನನಗೆ ಅತ್ಯಂತ ಪ್ರಿಯವಾದದ್ದೂ, ಅತ್ಯಂತ ಕೆಟ್ಟ ಸ್ಥಿತಿಗೆ ಬಂದಿದ್ದದ್ದೂ ಆ ನಾಯಿಯೇ.

ಇಲ್ಲಿ ಒಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. 2019ರಲ್ಲಿ ಮನೆಯ ಒಂದು ಶುಭಕಾರ್ಯಕ್ಕೆ ಮುಂಚೆ ಗೊಂಬೆಗಳು ಕಪ್ಪಾಗಿವೆ ಎಂದು ಮಂಗಟ್ಟೆಯನ್ನು ಪರೀಕ್ಷಾರ್ಥವಾಗಿ ದೊಡ್ಡ ಊರಿನ ಒಂದು ಪಾಲಿಶ್ ಅಂಗಡಿಗೆ ಕೊಟ್ಟಿದ್ದೆವು. ಅವರು ಅದನ್ನು ಮೋಟಾರಿನ ಬಫ್ ಚಕ್ರಕ್ಕೆ ಹಿಡಿದು ಇಪ್ಪತ್ತು ನಿಮಿಷದಲ್ಲಿ ಚಿನ್ನದಂತೆ ಹೊಳೆಯಿಸಿ ಕೊಟ್ಟರು. ಮನೆಗೆ ತಂದು ನೋಡಿದರೆ ಕೊಕ್ಕಿನ ಮೇಲಿನ ಶಿರಸ್ತ್ರಾಣದಂಥ ಉಬ್ಬಿನಲ್ಲಿ ಅಜ್ಜ ಸಣ್ಣ ಉಳಿಯಿಂದ ಕೊರೆದಿದ್ದ ಗೆರೆಗಳು ಸವೆದುಹೋಗಿದ್ದವು. ರೆಕ್ಕೆಯ ಗರಿಗಳು ಒಂದಕ್ಕೊಂದು ಕರಗಿ ನುಣ್ಣಗಾಗಿದ್ದವು. ಮಂಗಟ್ಟೆ ಈಗ ಹೆದ್ದಾರಿ ಬದಿಯ ಅಂಗಡಿಯಲ್ಲಿ ಸಿಗುವ ಯಾವುದೋ ಹಕ್ಕಿಯಂತಿದೆ. ಆ ಅಂಗಡಿಯವರನ್ನು ದೂರುವುದರಲ್ಲಿ ಹೆಚ್ಚು ನ್ಯಾಯವಿಲ್ಲ, ನಾವು ಕೇಳಿದ್ದು ಹೊಳಪು, ಅವರು ಕೊಟ್ಟದ್ದೂ ಹೊಳಪು. ಆದರೆ ಆ ಗೆರೆಗಳು ಉಳಿಯಬೇಕೇ ಎಂದು ಒಮ್ಮೆಯಾದರೂ ಕೇಳಬಹುದಿತ್ತು.

ಉಳಿದ ಐದು ಗೊಂಬೆಗಳು ಹೊಸ ಮನೆಯ ಗಾಜಿನ ಕಪಾಟಿನಲ್ಲಿ ಸುರಕ್ಷಿತವಾಗಿವೆ ಎಂದುಕೊಂಡಿದ್ದೆವು. 2023ರ ಮಳೆಗಾಲದ ಕೊನೆಯಲ್ಲಿ ನಾಯಿಯ ಹೊಟ್ಟೆಯ ಕೆಳಗೆ, ಕಿವಿಯ ಮಡಿಕೆಯಲ್ಲಿ, ಮುಟ್ಟಿದರೆ ಬೆರಳಿಗೆ ಅಂಟುವ ತಿಳಿ ಹಸಿರು ಪುಡಿ ಕಾಣಿಸಿಕೊಂಡಿತು. ಒರೆಸಿದರೆ ವಾರದಲ್ಲಿ ಮತ್ತೆ ಬರುತ್ತಿತ್ತು, ಒರೆಸಿದ ಜಾಗದಲ್ಲಿ ಸಣ್ಣ ಗುಳಿಯೂ ಬೀಳುತ್ತಿತ್ತು. ಹಿತ್ತಾಳೆ ಪಾತ್ರೆಯ ಕಿಲುಬು ನಮಗೆ ಹೊಸದಲ್ಲ, ಆದರೆ ಇದು ಆ ಜಾತಿಯದಾಗಿ ಕಾಣಲಿಲ್ಲ. ಪರಿಚಯದವರೊಬ್ಬರು ತಮ್ಮ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ತೂಗುದೀಪವನ್ನು ಸರಿಮಾಡಿಸಿಕೊಂಡ ಜಾಗವೆಂದು ವಿರಾಜಪೇಟೆಯ ಈ ಎರಕದ ಮನೆಯ ದಾರಿ ಹೇಳಿದರು.

ಅಲ್ಲಿರುವುದು ಐವತ್ತು ದಾಟಿದ ಒಬ್ಬ ಆಚಾರ್ಯರು ಮತ್ತು ಅವರ ಅಳಿಯ. ಆಚಾರ್ಯರ ತಂದೆ ಮಾಕುಟ್ಟ ಘಾಟಿಯ ಆಚೆ, ಕಣ್ಣೂರಿನ ಕಡೆಯಿಂದ ಬಂದವರಾದ್ದರಿಂದ ಅವರ ಕನ್ನಡದಲ್ಲಿ ಮಲಯಾಳದ ಎಳೆತ ಇದೆ. ಅದೇ ಜಿಲ್ಲೆಯ ಕುಂಞಿಮಂಗಲಂ ಕಂಚಿನ ಎರಕಕ್ಕೆ ಹೆಸರಾದ ಊರು. ಒಳಗೆ ಒಂದು ಕುಲುಮೆ, ಒಂದು ಮರದ ಬೆಂಚು, ಕಿಟಕಿಯ ಬಳಿ ದೊಡ್ಡ ಭೂತಗನ್ನಡಿ ಇದ್ದವು, ಗೋಡೆಯುದ್ದಕ್ಕೂ ಅರ ಮತ್ತು ಉಳಿಗಳು ಅಳತೆಯ ಕ್ರಮದಲ್ಲಿ ತೂಗುತ್ತಿದ್ದವು. ಬಫ್ ಯಂತ್ರವೂ ಇತ್ತು, ಆದರೆ ಅದರ ಮೇಲೆ ಗೋಣಿ ಹೊದಿಸಿತ್ತು. ನಾನು ಅದರತ್ತ ನೋಡಿದ್ದನ್ನು ಗಮನಿಸಿ, "ಅದು ದಿನಾ ಉರಿಸುವ ದೀಪಕ್ಕೆ ಸಾರ್, ಇವಕ್ಕಲ್ಲ" ಎಂದರು. ನಂಬಿಕೆ ಹುಟ್ಟಿದ್ದು ಆ ಮಾತಿನಿಂದಲೇ.

ಮೊದಲ ಭೇಟಿಯಲ್ಲಿ ಅವರು ಕೆಲಸ ಒಪ್ಪಿಕೊಳ್ಳಲಿಲ್ಲ, ಒಂದು ಗಂಟೆ ಪ್ರಶ್ನೆಗಳನ್ನೇ ಕೇಳಿದರು. ಪ್ರತಿ ಗೊಂಬೆಯನ್ನೂ ತೂಗಿ ಗ್ರಾಮಿನ ಲೆಕ್ಕದಲ್ಲಿ ಬರೆದುಕೊಂಡರು. ಮರದ ಕಡ್ಡಿಯಿಂದ ಮೆಲ್ಲಗೆ ತಟ್ಟಿ ದನಿ ಕೇಳಿದರು. ನೂರು ವರ್ಷ ದಾಟಿದವೇ ಎಂದೂ ವಿಚಾರಿಸಿದರು. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ಮೀರಿದ ಲೋಹಶಿಲ್ಪಕ್ಕೆ ನೋಂದಣಿ ಬೇಕು, ಅಂಥದ್ದಾದರೆ ಕಾಗದಪತ್ರ ನೋಡದೆ ಮುಟ್ಟುವುದಿಲ್ಲ ಎಂಬುದು ಅವರ ನಿಯಮ. ನಮ್ಮವು 1950ರ ದಶಕದವು ಎನ್ನುವುದಕ್ಕೆ ಅಜ್ಜನ ಲೆಕ್ಕದ ಪುಸ್ತಕ ತೋರಿಸಿದೆ. ಅದರಲ್ಲಿ ನಾಯಿಯ ಹೆಸರಿನ ಮುಂದೆ "ಮೇಣ 12 ತೊಲ" ಎಂದಿತ್ತು. ಆಚಾರ್ಯರು ಅದನ್ನು ಓದಿ ನಕ್ಕು, ಮೇಣಕ್ಕಿಂತ ಲೋಹ ಸುಮಾರು ಒಂಬತ್ತು ಪಟ್ಟು ತೂಗುತ್ತದೆ, 12 ತೊಲ ಎಂದರೆ 140 ಗ್ರಾಂ, ನಾಯಿ ತೂಗಿದ್ದು 1,248 ಗ್ರಾಂ, ಹಾಗಾದರೆ ಇದು ಪೂರ್ತಿ ಗಟ್ಟಿ ಎರಕ, ಒಳಗೆ ಎಲ್ಲೂ ಟೊಳ್ಳಿಲ್ಲ ಎಂದು ನಿಂತಲ್ಲೇ ಲೆಕ್ಕ ಒಪ್ಪಿಸಿದರು. ಅರವತ್ತಕ್ಕೂ ಹೆಚ್ಚು ವರ್ಷ ನಾವು ಹಾಲಿನ ಲೆಕ್ಕ, ಸಾಲದ ಲೆಕ್ಕ ಎಂದುಕೊಂಡು ಇಟ್ಟಿದ್ದ ಪುಸ್ತಕದಲ್ಲಿ ಇಂಥ ಗುಟ್ಟಿರುವುದು ನಮಗೆ ತಿಳಿದೇ ಇರಲಿಲ್ಲ.

ಆನೆ ಮಾತ್ರ ಟೊಳ್ಳು. ಅದರ ಹೊಟ್ಟೆಯಲ್ಲಿ ಮಣ್ಣು ಮತ್ತು ಭತ್ತದ ಹೊಟ್ಟಿನ ತಿರುಳು ಇನ್ನೂ ಹಾಗೆಯೇ ಕೂತಿದೆ ಎಂಬುದನ್ನು ಪಾದದ ಬಳಿಯ ಸಣ್ಣ ತೂತಿನಿಂದ ಟಾರ್ಚ್ ಬಿಟ್ಟು ತೋರಿಸಿದರು.

ಅವರ ಪ್ರಶ್ನೆಗಳಲ್ಲಿ ಮುಖ್ಯವಾದದ್ದು ಎರಡು. ಇವನ್ನು ಏನು ಹಾಕಿ ತಿಕ್ಕುತ್ತಿದ್ದಿರಿ, ಮತ್ತು ಮೊದಲು ಇವು ಎಲ್ಲಿದ್ದವು. ಪ್ರತಿ ವರ್ಷ ಗೌರಿ ಹಬ್ಬಕ್ಕೆ ಮುಂಚೆ ಹುಣಸೆಹಣ್ಣು ಮತ್ತು ಕಲ್ಲುಪ್ಪು ಹಾಕಿ ತಿಕ್ಕುವುದು ಅಜ್ಜಿಯ ಕಾಲದಿಂದ ಬಂದ ಪದ್ಧತಿ ಎಂದು ಅಮ್ಮ ಹೇಳಿದರು. ಗೊಂಬೆಗಳು ಇದ್ದದ್ದು ಹಳೆಯ ಮನೆಯ ಅಡುಗೆಕೋಣೆಯ ಗೂಡಿನಲ್ಲಿ, ಒಲೆಯ ಹಿಂದಿನ ಗೋಡೆಯ ಮೇಲೆ. 2011ರಲ್ಲಿ ಆ ಮನೆ ಕೆಡವಿ ಹೊಸದು ಕಟ್ಟಿದ ಮೇಲೆ ಒಲೆ ಹೋಗಿ ಗ್ಯಾಸ್ ಬಂತು, ಗೊಂಬೆಗಳು ಹಜಾರದ ಕಪಾಟಿಗೆ ಬಂದವು. ಆಚಾರ್ಯರ ವಿವರಣೆ ಹೀಗಿತ್ತು: ಉಪ್ಪಿನ ಕ್ಲೋರೈಡ್ ಎರಕದ ಸೂಕ್ಷ್ಮ ರಂಧ್ರಗಳಲ್ಲಿ ಸೇರಿ ತಾಮ್ರದೊಂದಿಗೆ ಕೂಡಿಕೊಂಡಿರುತ್ತದೆ, ಅದು ಒಣಗಿರುವಷ್ಟು ಕಾಲ ಸುಮ್ಮನಿರುತ್ತದೆ, ಗಾಳಿಯ ತೇವ ತಾಗಿದೊಡನೆ ಆಮ್ಲವಾಗಿ ಒಳಗಿನ ತಾಮ್ರವನ್ನು ತಿನ್ನತೊಡಗುತ್ತದೆ, ತಿಂದ ಗುರುತೇ ಆ ತಿಳಿ ಹಸಿರು ಪುಡಿ. ವಸ್ತುಸಂಗ್ರಹಾಲಯದವರು ಇದನ್ನು ಕಂಚಿನ ರೋಗವೆಂದೇ ಕರೆಯುತ್ತಾರೆ. ಅಜ್ಜಿಯ ಕಾಲದಲ್ಲೂ ಉಪ್ಪು ಒಳಗೆ ಹೋಗಿತ್ತು, ಆದರೆ ಬೆಳಗಿನಿಂದ ರಾತ್ರಿಯವರೆಗೆ ಉರಿಯುತ್ತಿದ್ದ ಒಲೆ ಮಳೆಗಾಲದಲ್ಲೂ ಆ ಗೋಡೆಯನ್ನು ಬೆಚ್ಚಗೆ, ಒಣಗಿಸಿಯೇ ಇಡುತ್ತಿತ್ತು. ಗಾಜಿನ ಕಪಾಟು ಧೂಳನ್ನು ತಡೆಯಿತೇ ಹೊರತು ತೇವವನ್ನು ತಡೆಯಲಿಲ್ಲ. ಗೊಂಬೆಯ ರೋಗಕ್ಕೆ ಮನೆಯ ಇತಿಹಾಸವನ್ನು ವಿಚಾರಿಸಿದ ಈ ರೀತಿ ನಮ್ಮ ಹಳೆಯ ಕಾಲದ ನಾಟಿ ವೈದ್ಯರನ್ನು ನೆನಪಿಗೆ ತಂದಿತು.

ಒಪ್ಪಿಕೊಂಡ ಮೇಲೆ ಅವರು ನಾಯಿಗೆ ಮಾಡಿದ ಚಿಕಿತ್ಸೆಯನ್ನು ಸ್ವಲ್ಪ ವಿವರವಾಗಿ ಹೇಳುವುದು ಯೋಗ್ಯ, ಏಕೆಂದರೆ ಅದು ಹೊರಗಿನಿಂದ ನೋಡುವವರಿಗೆ ಕೆಲಸವೆಂದೇ ಕಾಣುವುದಿಲ್ಲ. ಭೂತಗನ್ನಡಿಯ ಕೆಳಗೆ ಬಿದಿರಿನ ಮೊನಚು ಕಡ್ಡಿಯಿಂದ ಹಸಿರು ಪುಡಿಯನ್ನು ಗುಳಿಗುಳಿಯಿಂದ ಕೆದಕಿ ತೆಗೆದರು. ಅದರ ಪಕ್ಕದ ಗಟ್ಟಿ ಕಪ್ಪನ್ನು ಮುಟ್ಟಲಿಲ್ಲ. ಆಮೇಲೆ ಬ್ಯಾಟರಿಗೆ ಹಾಕುವ ಬಟ್ಟಿ ಇಳಿಸಿದ ನೀರಿನಲ್ಲಿ ಮುಳುಗಿಸಿ ಪ್ರತಿದಿನ ನೀರು ಬದಲಿಸಿದರು. ತೆಗೆದ ನೀರಿಗೆ ಎರಡು ಹನಿ ಸಿಲ್ವರ್ ನೈಟ್ರೇಟ್ ಬಿಟ್ಟರೆ, ಕ್ಲೋರೈಡ್ ಇದ್ದಲ್ಲಿ ನೀರು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ನಾನು ಮಧ್ಯದಲ್ಲಿ ಹೋದ ದಿನ ಬೆಳ್ಳಗಾದದ್ದನ್ನು ಕಣ್ಣಾರೆ ಕಂಡೆ. ನೀರು ತಿಳಿಯಾಗಿಯೇ ಉಳಿಯಲು 19 ದಿನ ಹಿಡಿಯಿತು. ನಂತರ ಬಲ್ಬು ಉರಿಸಿದ ಪೆಟ್ಟಿಗೆಯಲ್ಲಿ ಒಣಗಿಸಿ, ಸ್ಪಿರಿಟ್‌ನಲ್ಲಿ ಕರಗಿಸಿದ ಬೆಂಜೊಟ್ರಯಜೋಲ್ ಎಂಬ ರಾಸಾಯನಿಕವನ್ನು ಹಚ್ಚಿದರು. ಅದು ತಾಮ್ರದ ಮೇಲೆ ತೆಳುವಾದ ರಕ್ಷಾಪದರ ಕಟ್ಟುತ್ತದೆ. ಕೊನೆಗೆ ಬೆಚ್ಚಗಿನ ಮೇಣ. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದ್ದಕ್ಕೆ, ಎರಕ ತಂದೆಯಿಂದ, ಈ ನೀರಿನ ಕೆಲಸ ಮೈಸೂರಿನ ಸಂರಕ್ಷಣಾ ಪ್ರಯೋಗಾಲಯದವರನ್ನು ಕೇಳಿ ಕೇಳಿ ಎಂದರು. ಲಖನೌದ ರಾಷ್ಟ್ರೀಯ ಸಂರಕ್ಷಣಾ ಸಂಶೋಧನಾ ಪ್ರಯೋಗಾಲಯದ ಪ್ರಾದೇಶಿಕ ಕೇಂದ್ರ ಅಲ್ಲಿದೆ.

ಆನೆಯ ಸೊಂಡಿಲ ತುದಿ ಬಹಳ ಹಿಂದೆಯೇ ಮುರಿದಿತ್ತು. ಆ ತುಂಡನ್ನು ಅಜ್ಜಿ ತಮ್ಮ ಎಲೆ ಅಡಿಕೆಯ ಪೆಟ್ಟಿಗೆಯಲ್ಲಿ ಸುಣ್ಣದ ಡಬ್ಬಿಯ ಪಕ್ಕ ಜೋಪಾನವಾಗಿ ಇಟ್ಟಿದ್ದರಿಂದ ನಮಗೆ ಸಿಕ್ಕಿತು. ನಾನು ಹಿತ್ತಾಳೆ ಬೆಸುಗೆ ಹಾಕುತ್ತಾರೆಂದುಕೊಂಡಿದ್ದೆ. ಬೆಸುಗೆಯ ಶಾಖಕ್ಕೆ ಸುತ್ತಲಿನ ಹಳೆಯ ಬಣ್ಣ ಸುಟ್ಟುಹೋಗುತ್ತದೆ, ಒಳಗಿನ ಮಣ್ಣಿನಲ್ಲಿ ತೇವವಿದ್ದರೆ ಅದು ಆವಿಯಾಗಿ ಒಡಲನ್ನೇ ಸೀಳಬಹುದು ಎಂದು ಅವರು ಒಪ್ಪಲಿಲ್ಲ. ಎರಡೂ ಕಡೆ ಸಣ್ಣ ತೂತು ಮಾಡಿ, ಹಿತ್ತಾಳೆಯ ಮೊಳೆ ಕೂರಿಸಿ, ಎಪಾಕ್ಸಿ ಅಂಟಿನಿಂದ ಕೂಡಿಸಿದರು. ಆ ಮಣ್ಣಿನ ಕಾರಣಕ್ಕೇ ಆನೆಯನ್ನು ನೀರಿಗೂ ಇಳಿಸಲಿಲ್ಲ. ಹತ್ತಿರದಿಂದ ನೋಡಿದರೆ ಕೂಡಿಕೆಯ ಗೆರೆ ಈಗಲೂ ಕಾಣುತ್ತದೆ. ಅದನ್ನು ಮುಚ್ಚಬೇಕೆಂದು ಅಮ್ಮ ಹಟ ಹಿಡಿದರು. ಆಚಾರ್ಯರು, "ಮುರಿದದ್ದು ಮುರಿದದ್ದೇ ಅಮ್ಮ, ನಾನು ಹಿಡಿದು ನಿಲ್ಲಿಸಿದ್ದೇನೆ ಅಷ್ಟೆ" ಎಂದು ಸಣ್ಣ ದನಿಯಲ್ಲೇ ಹೇಳಿ ಮುಗಿಸಿದರು. ಈ ವಿಷಯದಲ್ಲಿ ನಾನು ಅವರ ಪಕ್ಷ, ಆದರೆ ಹೊಸದರಂತೆ ಕಾಣಬೇಕೆಂದು ಬಯಸುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ನಾಯಿಯ ಕೊರಳಪಟ್ಟಿಯಲ್ಲಿ ತೂಗುತ್ತಿದ್ದ ಪುಟ್ಟ ಗಂಟೆ ಎಲ್ಲೋ ಕಳೆದುಹೋಗಿತ್ತು. ಅದನ್ನು ಮಾತ್ರ ಹೊಸದಾಗಿ ಮೇಣದಲ್ಲಿ ಮಾಡಿ ಎರಕ ಹೊಯ್ದರು, ಒಳಮೈಯಲ್ಲಿ ಸಣ್ಣ ಅಂಕಿಗಳಲ್ಲಿ 2023 ಎಂದು ಕೊರೆದರು. ಮುಂದೆ ಯಾರಾದರೂ ನೋಡಿದಾಗ ಅಜ್ಜನ ಕೆಲಸ ಯಾವುದು, ತಮ್ಮದು ಯಾವುದು ಎಂಬುದರಲ್ಲಿ ಗೊಂದಲ ಆಗಬಾರದಂತೆ. ಮಂಗಟ್ಟೆಯ ಸವೆದ ಗೆರೆಗಳನ್ನು ಮತ್ತೆ ಕೊರೆದು ಕೊಡಿ ಎಂದು ನಾನು ಬೇಡಿಕೊಂಡದ್ದಕ್ಕೂ ಇದೇ ಕಾರಣದಿಂದ ಒಪ್ಪಲಿಲ್ಲ. ಮೇಣ ಹಚ್ಚಿ ಹಾಗೆಯೇ ಹಿಂದಿರುಗಿಸಿದರು.

ಇನ್ನು ಕೊರತೆಗಳು. ಮೂರು ವಾರ ಎಂದು ಹೇಳಿದ ಕೆಲಸ ಏಳು ವಾರವಾಯಿತು. ನೀರು ಬದಲಿಸುವ ದಿನಗಳನ್ನು ಮೊದಲೇ ಹೇಳಲಾಗುವುದಿಲ್ಲ ಎಂಬುದನ್ನು ಒಪ್ಪುತ್ತೇನೆ, ಆದರೆ ತಡವಾಗುತ್ತದೆ ಎಂದು ಒಂದು ಫೋನ್ ಮಾಡಬಹುದಿತ್ತು. ನಮ್ಮ ಮನೆಯಿಂದ ವಿರಾಜಪೇಟೆಗೆ ಮಡಿಕೇರಿ ದಾಟಿ ಹೋಗಬೇಕು, ಬಸ್ಸಿನಲ್ಲಿ ಅರ್ಧ ದಿನದ ಪ್ರಯಾಣ, ಅದರಲ್ಲಿ ಒಮ್ಮೆ ಬರಿಗೈಯಲ್ಲಿ ಹಿಂದಿರುಗಿದೆ. ಕೊಟ್ಟ ವಸ್ತುಗಳಿಗೆ ರಸೀದಿ ಇಲ್ಲ. ಅವರ ಪುಸ್ತಕದಲ್ಲಿ ತೂಕ ಸಹಿತ ಬರೆದುಕೊಂಡಿದ್ದ ಪುಟವನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡದ್ದೇ ನನ್ನ ರಸೀದಿ. ತಲೆಮಾರಿನ ವಸ್ತುಗಳನ್ನು ಕೊಡುವವರು ಹೀಗಾದರೂ ಒಂದು ಗುರುತು ಇಟ್ಟುಕೊಳ್ಳಬೇಕು. ಇಷ್ಟೆಲ್ಲ ಎಚ್ಚರ ವಹಿಸಿ ಒಣಗಿಸಿದ ಗೊಂಬೆಗಳನ್ನು ಕೊನೆಗೆ ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಕೊಟ್ಟದ್ದು ನನಗೆ ಅಚ್ಚರಿ ತಂದಿತು. ಕಾಗದ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮನೆಗೆ ಬಂದೊಡನೆ ಬಿಚ್ಚಿಟ್ಟೆ.

ಖರ್ಚು ಹೀಗಾಯಿತು. ನಾಯಿಯ ಚಿಕಿತ್ಸೆಗೆ 2,200 ರೂಪಾಯಿ, ಹೊಸ ಗಂಟೆಗೆ 900, ಸೊಂಡಿಲ ಕೆಲಸ ಸೇರಿ ಆನೆಗೆ 1,800, ಉಳಿದ ನಾಲ್ಕಕ್ಕೆ ತಲಾ 800. ಒಟ್ಟು 8,100 ರೂಪಾಯಿ, ಅದರಲ್ಲಿ 2,000 ಮುಂಗಡ. ಮಂಗಟ್ಟೆಯನ್ನು ಹಾಳುಮಾಡಿದ ಪಾಲಿಶ್‌ಗೆ ನಾವು ಕೊಟ್ಟದ್ದು 350 ರೂಪಾಯಿ. ಅದನ್ನು ನೆನೆದರೆ ಈ ಮೊತ್ತ ನನಗೆ ಹೆಚ್ಚೆನಿಸಲಿಲ್ಲ. ಆದರೆ ದಿನನಿತ್ಯದ ದೀಪ, ಕೊಡಪಾನ, ಚೆಂಬುಗಳಿಗಾಗಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಅವು ತಿಕ್ಕಿ ತೊಳೆದು ಬಳಸುವ ವಸ್ತುಗಳೇ, ಊರಿನ ಯಾವ ಅಂಗಡಿಯವರಾದರೂ ಹೊಳಪು ಕೊಡಬಲ್ಲರು. ಕೆತ್ತನೆ ಇರುವ, ಮಾಡಿದವರ ಉಳಿಯ ಗುರುತು ಉಳಿದಿರುವ ವಸ್ತು ನಿಮ್ಮಲ್ಲಿದ್ದರೆ ಮಾತ್ರ ಈ ದಾರಿ ಹಿಡಿಯಬಹುದು. ಮಧ್ಯಾಹ್ನದ ಮೇಲೆ ಕುಲುಮೆ ಹೊತ್ತಿಸಿದರೆ ಅವರು ಯಾರೊಂದಿಗೂ ಮಾತನಾಡುವುದಿಲ್ಲ. ಬೆಳಿಗ್ಗೆ ಹತ್ತರ ಒಳಗೆ ಹೋಗುವುದು ಮೇಲು.

ಗೊಂಬೆಗಳು ಈಗ ಇರುವುದು ಆಚಾರ್ಯರು ಹೇಳಿದ ಕ್ರಮದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಉಳಿದ ತಿಂಗಳು ಹೊರಗೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿದೆ ಎಂದರ್ಥ, ಮತ್ತೆ ಬಿಸಿ ಮಾಡಿ ಒಣಗಿಸಬೇಕು. ಶಾಂತಳ್ಳಿಯ ಮಳೆಗೆ ಅದು ಹನ್ನೆರಡು ದಿನಕ್ಕೊಮ್ಮೆ ಗುಲಾಬಿಯಾಗುತ್ತದೆ. ಸೆಪ್ಟೆಂಬರ್ 3ರ ಕೈಲ್ ಮುಹೂರ್ತ ಎಂಬ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ ಆಯುಧಗಳ ಜೊತೆ ನಾಯಿಯನ್ನೂ ಹೊರಗಿಟ್ಟು ಹೂ ಮುಡಿಸುವುದು ಮನೆಯ ಪದ್ಧತಿಯಾದ್ದರಿಂದ ಆ ಒಂದು ದಿನ ನಿಯಮ ಸಡಿಲ. ಅಮ್ಮನಿಗೆ ಗೊಂಬೆಗಳ ಕಪ್ಪಿನ ಬಗ್ಗೆ ಅಸಮಾಧಾನ ಇನ್ನೂ ಹೋಗಿಲ್ಲ. ಅಷ್ಟು ದುಡ್ಡು ಕೊಟ್ಟು ಕಪ್ಪಾಗಿಯೇ ತಂದೆಯಲ್ಲ ಎಂದು ನೆಂಟರ ಮುಂದೆ ಹೇಳುತ್ತಾರೆ, ಉಪ್ಪಿನ ಡಬ್ಬಿಯನ್ನು ಮಾತ್ರ ಅವುಗಳ ಹತ್ತಿರ ತಂದಿಲ್ಲ.

2024ರ ಮಳೆಗಾಲ ಮುಗಿದ ಮೇಲೆ ಆರನ್ನೂ ಹಗಲು ಬೆಳಕಿನಲ್ಲಿ ತಿರುಗಿಸಿ ನೋಡಿದೆ. ನಾಯಿಯ ಮೇಲೆ ಹೊಸ ಪುಡಿ ಎಲ್ಲೂ ಇಲ್ಲ. ಆನೆಯ ಸೊಂಡಿಲು ಅಲುಗಿಲ್ಲ. ಜೋಡೆತ್ತಿನಲ್ಲಿ ಎಡಗಡೆಯ ಎತ್ತಿನ ಹಿಂಗಾಲಿನ ಗೊರಸಿನ ಸಂದಿಯಲ್ಲಿ ಮಾತ್ರ ಸಾಸಿವೆ ಕಾಳಿನಷ್ಟು ತಿಳಿ ಹಸಿರು ಕಾಣಿಸಿತು. ಅಂದರೆ ಮೊದಲ ಸಲ ಅದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ತೆಗೆದುಕೊಂಡು ಹೋದಾಗ ಆಚಾರ್ಯರು ಸಮಜಾಯಿಷಿ ಹೇಳಲಿಲ್ಲ, ಭೂತಗನ್ನಡಿ ಹಿಡಿದು ನೋಡಿ ತಮ್ಮ ಪುಸ್ತಕದ ಹಳೆಯ ಪುಟ ತೆರೆದು ಅದರ ಕೆಳಗೇ ಮತ್ತೊಂದು ಸಾಲು ಬರೆದರು, ದುಡ್ಡು ಬೇಡವೆಂದರು. ಎತ್ತುಗಳು ಸದ್ಯ ಅಲ್ಲೇ ನೀರಿನಲ್ಲಿವೆ. ಹುತ್ತರಿಯ ಹೊತ್ತಿಗೆ ಕೊಡುತ್ತೇನೆ ಎಂದಿದ್ದಾರೆ. ಹಿಂದಿನ ಅನುಭವದಿಂದ ನಾನು ಅದಕ್ಕೆ ಇನ್ನೊಂದು ತಿಂಗಳು ಸೇರಿಸಿಕೊಂಡಿದ್ದೇನೆ.